ಘಾಟಿ ಇಳಿಯುವ ಮುಂಚೆ

ಪುಟ್ಟಿ,

ಮೊನ್ನೆ ಫೋನಿನಲ್ಲಿ ನೀನು ಹೇಳಿದ ಮಾತು ಇನ್ನೂ ಕಿವಿಯಲ್ಲೇ ಇದೆ. "ದೊಡ್ಡಪ್ಪ, ಕಾರು ಚೆನ್ನಾಗಿದೆ, ಎಸಿ ಚೆನ್ನಾಗಿದೆ, ಮೈಲೇಜು ಕೊಡುತ್ತೆ, ಬ್ರೇಕೂ ಹಿಡಿಯುತ್ತೆ" ಅಂದೆ. ಎಸಿಯನ್ನೂ ಬ್ರೇಕನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದೆ. ನೀನು ಕೊಂಡದ್ದು 2016ರ ಕಾರು, ಇಬ್ಬರ ಕೈ ದಾಟಿ ಬಂದದ್ದು. ದೀಪಾವಳಿಗೆ ಬೆಂಗಳೂರಿಂದ ತೀರ್ಥಹಳ್ಳಿಗೆ ಅದರಲ್ಲೇ ಬರುತ್ತೀಯಂತೆ. ಹಬ್ಬ ಮುಗಿಸಿ ಅಮ್ಮನನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಆಗುಂಬೆ ಇಳಿದು ಉಡುಪಿಗೆ ಹೋಗುತ್ತೀಯಂತೆ. ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹಿಡಿಯುವ ಬ್ರೇಕು ಬೇರೆ, ಆಗುಂಬೆಯ 14 ತಿರುವು ಮುಗಿದ ಮೇಲೂ ಹಿಡಿಯುವ ಬ್ರೇಕು ಬೇರೆ. ಮೂವತ್ತೈದು ವರ್ಷ ಚಕ್ರ ಬಿಚ್ಚಿ, ಲೈನರ್ ಬದಲಾಯಿಸಿ ಸಂಸಾರ ಸಾಕಿದವನು ನಾನು. ಇದನ್ನು ನಿನಗೆ ಹೇಳದೆ ಇದ್ದರೆ ನನಗೆ ನಿದ್ದೆ ಬರುವುದಿಲ್ಲ.

ಮೊದಲು ಒಂದು ಸಂಗತಿ ತಲೆಗೆ ಹಾಕಿಕೊ. ಬ್ರೇಕು ವೇಗವನ್ನು ಮಾಯ ಮಾಡುವುದಿಲ್ಲ, ಬಿಸಿಯಾಗಿ ಬದಲಾಯಿಸುತ್ತದೆ. ಒಂದು ಟನ್ ತೂಕದ ಕಾರು ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಬರುತ್ತಿರುವಾಗ ಒಮ್ಮೆ ಬ್ರೇಕ್ ಒತ್ತಿ ನಿಲ್ಲಿಸಿದರೆ, ಆಗ ಹುಟ್ಟುವ ಬಿಸಿಯಲ್ಲಿ ಹೆಚ್ಚುಕಡಿಮೆ ಮುಕ್ಕಾಲು ಲೀಟರ್ ನೀರು ಕುದಿಗೆ ಬರುತ್ತದೆ. ಮನೆಗೆ ಬಂದ ನಾಲ್ಕು ಜನಕ್ಕೆ ಕಾಫಿ ಮಾಡುವಷ್ಟು. ವೇಗ ಎರಡರಷ್ಟಾದರೆ ಬಿಸಿ ನಾಲ್ಕರಷ್ಟಾಗುತ್ತದೆ. 40ರಲ್ಲಿ ಸಲೀಸಾಗಿ ನಿಲ್ಲುವ ಕಾರು 80ರಲ್ಲಿ ಯಾಕೆ ಅಷ್ಟು ದೂರ ಓಡುತ್ತದೆ ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಇನ್ನು ಇಳಿಜಾರಿನ ಲೆಕ್ಕ ನೋಡು. ಅದೇ ಕಾರು 500 ಮೀಟರ್ ಎತ್ತರದಿಂದ ಬರಿಯ ಬ್ರೇಕಿನ ಮೇಲೆ ಇಳಿಯಿತು ಅಂದುಕೊ. 80ರ ವೇಗದಲ್ಲಿ ಇಪ್ಪತ್ತು ಸಲ ಗಟ್ಟಿಯಾಗಿ ನಿಲ್ಲಿಸಿದರೆ ಎಷ್ಟೋ ಅಷ್ಟು ಬಿಸಿ ಹುಟ್ಟುತ್ತದೆ. ಒಂದು ಕೊಡ ತುಂಬ ನೀರು ಕುದಿಯುವಷ್ಟು. ಅದೂ ಕೆಲವೇ ನಿಮಿಷಗಳಲ್ಲಿ, ನಾಲ್ಕು ಚಕ್ರದೊಳಗಿನ ಅಂಗೈಯಗಲದ ಕೆಲವು ತುಂಡುಗಳ ಮೇಲೆ. ನಾನು ಮುಂದೆ ಹೇಳುವುದೆಲ್ಲ ಈ ಬಿಸಿಯ ಕಥೆಯೇ. ಅದು ಎಲ್ಲಿ ಹುಟ್ಟುತ್ತದೆ, ಹೇಗೆ ಹೊರಗೆ ಹೋಗುತ್ತದೆ, ಹೋಗಲು ದಾರಿ ಸಿಗದಿದ್ದರೆ ಏನು ಮಾಡುತ್ತದೆ.

ನಿನ್ನ ಕಾರಿನ ಮುಂದಿನ ಚಕ್ರಕ್ಕೆ ಡಿಸ್ಕ್, ಹಿಂದಿನ ಚಕ್ರಕ್ಕೆ ಡ್ರಮ್. ಸಣ್ಣ ಕಾರುಗಳಲ್ಲಿ ಹೆಚ್ಚಿನವು ಹೀಗೇ. ನಾನು ಕೆಲಸ ಕಲಿಯುವ ಕಾಲದ ಅಂಬಾಸಿಡರ್, ಪದ್ಮಿನಿಗಳಲ್ಲಿ ನಾಲ್ಕೂ ಕಡೆ ಡ್ರಮ್ಮೇ ಇತ್ತು. ಡಿಸ್ಕ್ ಎಂದರೆ ಚಕ್ರದ ಜತೆ ತಿರುಗುವ ಎರಕದ ಕಬ್ಬಿಣದ ತಟ್ಟೆ. ಅದನ್ನು ಎರಡೂ ಕಡೆಯಿಂದ ಹಿಡಿದುಕೊಂಡು ಕೂತದ್ದು ಕ್ಯಾಲಿಪರ್, ಇಕ್ಕಳದ ಹಾಗೆ. ಇಕ್ಕಳದ ಬಾಯಿಯೊಳಗೆ ಎರಡು ಪ್ಯಾಡ್. ನೀನು ಪೆಡಲ್ ತುಳಿದಾಗ ಬಾನೆಟ್ಟಿನ ಕೆಳಗಿರುವ ಮಾಸ್ಟರ್ ಸಿಲಿಂಡರಿನ ಪಿಸ್ಟನ್ ಬ್ರೇಕ್ ಆಯಿಲನ್ನು ತಳ್ಳುತ್ತದೆ, ಪೈಪಿನಲ್ಲಿ ತುಂಬಿ ನಿಂತ ಆಯಿಲ್ ಆ ಒತ್ತಡವನ್ನು ಹಾಗೆಯೇ ಚಕ್ರದವರೆಗೆ ಒಯ್ಯುತ್ತದೆ, ಅಲ್ಲಿನ ಪಿಸ್ಟನ್ ಪ್ಯಾಡನ್ನು ತಟ್ಟೆಗೆ ಒತ್ತುತ್ತದೆ. ಪ್ಯಾಸ್ಕಲ್ ನಿಯಮ ಅಂತ ಹೈಸ್ಕೂಲಿನಲ್ಲಿ ಓದಿದ್ದೀಯಲ್ಲ, ಅದೇ. ದ್ರವ ಕುಗ್ಗುವುದಿಲ್ಲ ಎಂಬ ಒಂದು ನಂಬಿಕೆಯ ಮೇಲೆ ನಿನ್ನ ಕಾಲಿನಿಂದ ಚಕ್ರದವರೆಗಿನ ವ್ಯವಸ್ಥೆಯೆಲ್ಲ ನಿಂತಿದೆ. ಈ ಮಾತು ನೆನಪಿಟ್ಟುಕೊ, ಮತ್ತೆ ಇದಕ್ಕೇ ಬರುತ್ತೇನೆ.

ಕಾಲು ತೆಗೆದಾಗ ಕ್ಯಾಲಿಪರಿನ ಪಿಸ್ಟನ್ ಹಿಂದೆ ಸರಿಯುವುದು ಹೇಗೆ ಗೊತ್ತಾ? ಅಲ್ಲಿ ಸ್ಪ್ರಿಂಗ್ ಇಲ್ಲ. ಪಿಸ್ಟನ್ನಿನ ಸುತ್ತ ಒಂದು ಚೌಕ ಅಂಚಿನ ರಬ್ಬರ್ ಉಂಗುರ ಇದೆ. ಪಿಸ್ಟನ್ ಮುಂದೆ ಹೋದಾಗ ಅದು ಸ್ವಲ್ಪ ತಿರುಚಿಕೊಳ್ಳುತ್ತದೆ, ಒತ್ತಡ ಹೋದೊಡನೆ ತನ್ನ ಮೊದಲಿನ ಆಕಾರಕ್ಕೆ ಬರುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದುಕೊಳ್ಳುತ್ತದೆ. ಆಯಿಲ್ ಸೋರದ ಹಾಗೆ ತಡೆಯುವುದೂ ಅದೇ ಉಂಗುರ, ಬ್ರೇಕ್ ಬಿಡಿಸುವುದೂ ಅದೇ. ಮೊದಲ ಸಲ ಕ್ಯಾಲಿಪರ್ ಬಿಚ್ಚಿ ಇದನ್ನು ಕಂಡಾಗ ನಾನು ಕೈಯಲ್ಲಿ ಹಿಡಿದುಕೊಂಡು ಎಷ್ಟೋ ಹೊತ್ತು ನೋಡುತ್ತ ಕೂತಿದ್ದೆ. ಇದನ್ನು ಯೋಚಿಸಿದವನ ಬಗ್ಗೆ ನನಗೆ ಇವತ್ತಿಗೂ ಗೌರವ.

ಡ್ರಮ್ ಮುಚ್ಚಿದ ಡಬ್ಬಿ. ಬೋಗುಣಿಯ ಆಕಾರದ ಕಬ್ಬಿಣದ ಡ್ರಮ್ ಚಕ್ರದ ಜತೆ ತಿರುಗುತ್ತದೆ. ಒಳಗೆ ಅರ್ಧಚಂದ್ರದಂಥ ಎರಡು ಬ್ರೇಕ್ ಶೂ, ಅವುಗಳ ಬೆನ್ನಿಗೆ ಲೈನರ್. ವೀಲ್ ಸಿಲಿಂಡರ್ ಎರಡನ್ನೂ ಹೊರಕ್ಕೆ ತಳ್ಳುತ್ತದೆ, ಅವು ಡ್ರಮ್ಮಿನ ಒಳಗೋಡೆಗೆ ಉಜ್ಜುತ್ತವೆ, ಸ್ಪ್ರಿಂಗುಗಳು ಮತ್ತೆ ಒಳಕ್ಕೆ ಎಳೆಯುತ್ತವೆ. ಡ್ರಮ್ಮಿಗೆ ಒಂದು ಜಾಣತನ ಇದೆ. ಮುಂದಿನ ಶೂ ಗೋಡೆಗೆ ತಾಗಿತೆಂದರೆ ತಿರುಗುವ ಡ್ರಮ್ಮೇ ಅದನ್ನು ಇನ್ನಷ್ಟು ತನ್ನ ಕಡೆಗೆ ಎಳೆದು ಕಚ್ಚಿಸಿಕೊಳ್ಳುತ್ತದೆ, ಬಾಗಿಲ ಸಂದಿಯ ಬೆಣೆ ಬಾಗಿಲು ತಳ್ಳಿದಷ್ಟೂ ಬಿಗಿಯುವ ಹಾಗೆ. ಅದಕ್ಕೇ ಹಳೆಯ ಕಾರುಗಳು ಕಾಲಿಗೆ ನೆರವಾಗುವ ಬೂಸ್ಟರ್ ಇಲ್ಲದೆಯೂ ನಿಲ್ಲುತ್ತಿದ್ದವು. ಹ್ಯಾಂಡ್ ಬ್ರೇಕಿಗೂ ಡ್ರಮ್ಮೇ ಸುಲಭ, ಒಂದು ಕೇಬಲ್ ಎಳೆದರೆ ಸಾಕು. ಹಿಂದಿನ ಚಕ್ರದಲ್ಲಿ ಅದು ಇನ್ನೂ ಉಳಿದಿರುವುದಕ್ಕೆ ಇದೊಂದು ಕಾರಣ, ಖರ್ಚು ಕಡಿಮೆ ಎಂಬುದು ಇನ್ನೊಂದು. ಬ್ರೇಕ್ ಒತ್ತಿದಾಗ ಕಾರಿನ ಭಾರ ಮುಂದಕ್ಕೆ ವಾಲುತ್ತದೆ, ನಿಲ್ಲಿಸುವ ಕೆಲಸದ ಮೂರರಲ್ಲಿ ಎರಡು ಪಾಲಿಗಿಂತ ಹೆಚ್ಚನ್ನು ಮುಂದಿನ ಚಕ್ರಗಳೇ ಮಾಡುತ್ತವೆ. ಹಿಂದಿನದಕ್ಕೆ ಡ್ರಮ್ ಸಾಕಾಗುತ್ತದೆ.

ಆದರೆ ಬಿಸಿಯ ಮುಂದೆ ಡ್ರಮ್ಮಿನ ಜಾಣತನ ನಡೆಯುವುದಿಲ್ಲ. ತಟ್ಟೆ ಬಯಲಲ್ಲಿ ತಿರುಗುತ್ತದೆ, ಗಾಳಿ ಅದರ ಬಿಸಿಯನ್ನು ಎತ್ತಿಕೊಂಡು ಹೋಗುತ್ತದೆ. ಡಬ್ಬಿಯೊಳಗಿನ ಬಿಸಿ ಡಬ್ಬಿಯೊಳಗೇ. ಇನ್ನೊಂದು ಸೂಕ್ಷ್ಮ ಇದೆ. ಕಬ್ಬಿಣ ಬಿಸಿಗೆ ಹಿಗ್ಗುತ್ತದಲ್ಲ? ತಟ್ಟೆ ಹಿಗ್ಗಿದರೆ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ. ಡ್ರಮ್ ಹಿಗ್ಗಿದರೆ ಅದರ ಗೋಡೆ ಶೂಗಳಿಂದ ದೂರ ಹೋಗುತ್ತದೆ. ಬಿಸಿಯಾದಷ್ಟೂ ಪೆಡಲ್ ಕೆಳಗೆ ಹೋಗುತ್ತದೆ. ಮಳೆನೀರೂ ಹಾಗೆಯೇ, ತಟ್ಟೆಯ ಮೇಲಿನದು ಸಿಡಿದು ಹೋಗುತ್ತದೆ, ಡಬ್ಬಿಗೆ ಹೊಕ್ಕದ್ದು ಅಲ್ಲೇ ಕೂರುತ್ತದೆ.

ಡಿಸ್ಕೂ ಡ್ರಮ್ಮೂ ಒಂದೇ ಕಾಲದವು. ಫ್ರಾನ್ಸಿನ ಲೂಯಿ ರೆನೋ ಡ್ರಮ್ ಬ್ರೇಕಿಗೆ ರೂಪ ಕೊಟ್ಟದ್ದೂ 1902ರಲ್ಲಿ, ಇಂಗ್ಲೆಂಡಿನ ಫ್ರೆಡರಿಕ್ ಲ್ಯಾಂಚೆಸ್ಟರ್ ಡಿಸ್ಕಿಗೆ ಪೇಟೆಂಟ್ ಪಡೆದದ್ದೂ 1902ರಲ್ಲೇ. ಲ್ಯಾಂಚೆಸ್ಟರನ ಪ್ಯಾಡು ತಾಮ್ರದ್ದು, ಭಾರಿ ಕಿರುಚುತ್ತಿತ್ತಂತೆ, ಜನ ಒಲ್ಲೆ ಅಂದರು. ಮುಂದಿನ ಐವತ್ತು ವರ್ಷ ಡ್ರಮ್ಮಿನದೇ ಕಾರುಬಾರು. 1953ರಲ್ಲಿ ಫ್ರಾನ್ಸಿನ ಲೆ ಮಾನ್ಸ್‌ನ 24 ಗಂಟೆಯ ಓಟವನ್ನು ಡಿಸ್ಕ್ ಬ್ರೇಕ್ ಹಾಕಿದ ಜಾಗ್ವಾರ್ ಗೆದ್ದಿತು. ಉಳಿದವರು ತಿರುವಿಗೆ ಎಷ್ಟೋ ಮುಂಚೆಯೇ ಬ್ರೇಕ್ ತುಳಿಯಬೇಕಾಗಿದ್ದಲ್ಲಿ ಇವರು ತಿರುವಿನ ಹತ್ತಿರದವರೆಗೂ ಹೋಗಿ ತುಳಿಯುತ್ತಿದ್ದರು, ಲ್ಯಾಪಿನ ಮೇಲೆ ಲ್ಯಾಪ್. ಎರಡು ವರ್ಷದ ಮೇಲೆ ಸಿಟ್ರೋಯೆನ್ ಡಿಎಸ್ ಎಂಬ ಮನೆಬಳಕೆಯ ಕಾರಿನ ಮುಂದಿನ ಚಕ್ರಕ್ಕೂ ಡಿಸ್ಕ್ ಬಂತು. ಬಿಸಿಯನ್ನು ಬೇಗ ಬಿಟ್ಟುಕೊಡುವುದು ಗೆದ್ದಿತು, ಅಷ್ಟೆ.

ಈಗ ನಿನ್ನ ಅಪ್ಪನಿಗೂ ನಾನು ಪೂರ್ತಿ ಹೇಳದ ಒಂದು ಸಂಗತಿ ಹೇಳುತ್ತೇನೆ. 1987ರ ಬೇಸಿಗೆ. ಆಗ ನಾನು ಒಬ್ಬರ ಬಾಡಿಗೆ ಕಾರು ಓಡಿಸುತ್ತಿದ್ದೆ, ರಿಪೇರಿಯೂ ನನ್ನದೇ. ಹೆಬ್ರಿ ಕಡೆಗೆ ಮದುವೆ ದಿಬ್ಬಣ. ಒಳಗೆ ಏಳು ಜನ, ಮೇಲೆ ಸಾಮಾನು. ಪೆಟ್ರೋಲ್ ಉಳಿಯಲಿ ಅಂತ ಆಗುಂಬೆಯ ನೆತ್ತಿಯಿಂದಲೇ ನ್ಯೂಟ್ರಲ್ ಹಾಕಿ ಬಿಟ್ಟೆ. ಆಗ ಎಲ್ಲರೂ ಹಾಗೇ ಮಾಡುತ್ತಿದ್ದರು. ಒಂದೊಂದೇ ತಿರುವಿಗೆ ಬ್ರೇಕು, ಮತ್ತೆ ಬಿಡು, ಮತ್ತೆ ಬ್ರೇಕು. ಆರೇಳು ತಿರುವು ಕಳೆಯುವಷ್ಟರಲ್ಲಿ ಸುಟ್ಟ ವಾಸನೆ. ಹಿಂದೆ ಕೂತ ಒಬ್ಬರು "ಏನೋ ಕರಟಿದ ವಾಸನೆ ಬರ್ತಿದೆಯಲ್ಲ" ಅಂದರು. ಮುಂದಿನ ತಿರುವಿನಲ್ಲಿ ತುಳಿದರೆ ಪೆಡಲ್ ಹತ್ತಿಯ ಮೂಟೆ ತುಳಿದ ಹಾಗೆ ಒಳಗೆ ಹೋಯಿತು. ಅದರ ಮುಂದಿನದರಲ್ಲಿ ನೆಲಕ್ಕೇ ತಾಗಿತು. ಕಾಲಡಿಯಲ್ಲಿ ಏನೂ ಇಲ್ಲ, ಪುಟ್ಟಿ. ಆ 'ಏನೂ ಇಲ್ಲ' ಎಂಬುದು ಹೇಗಿರುತ್ತದೆ ಎಂದು ಹೇಳಲು ನನಗೆ ಇಷ್ಟು ವರ್ಷವಾದರೂ ಮಾತು ಸಿಕ್ಕಿಲ್ಲ. ದಡದಡ ಪಂಪ್ ಮಾಡಿದೆ, ಹೇಗೋ ಗೇರಿಗೆ ಹಾಕಿದೆ, ಹಲ್ಲು ಮುರಿದ ಹಾಗೆ ಸದ್ದು ಬಂತು, ಕೊನೆಗೆ ಕಾರನ್ನು ಗುಡ್ಡದ ಕಡೆಯ ಧರೆಗೆ ಒರೆಸಿ ಒರೆಸಿ ನಿಲ್ಲಿಸಿದೆ. ಇನ್ನೊಂದು ಕಡೆ ಪ್ರಪಾತ. ಯಾರಿಗೂ ಏನೂ ಆಗಲಿಲ್ಲ. ಒಂದು ಮಗು ಎದ್ದು ಅತ್ತಿತು, ಅಷ್ಟೆ.

ಅರ್ಧ ಗಂಟೆ ಬಿಟ್ಟು ತುಳಿದು ನೋಡಿದರೆ ಪೆಡಲ್ ಗಟ್ಟಿ! ಏನೂ ಆಗೇ ಇಲ್ಲ ಎಂಬಂತೆ. ಊರಿಗೆ ಬಂದು ಬಾನೆಟ್ಟಿನ ಕೆಳಗಿನ ಬ್ರೇಕ್ ಆಯಿಲಿನ ಡಬ್ಬಿಯ ಮುಚ್ಚಳ ತೆಗೆದರೆ ಒಳಗಿದ್ದದ್ದು ಡಿಕಾಕ್ಷನ್ ಬಣ್ಣದ್ದು. ಎಷ್ಟು ವರ್ಷದಿಂದ ಬದಲಾಯಿಸಿಲ್ಲ ಎಂದು ಲೆಕ್ಕ ಹಾಕಿದೆ. ಕಾರು ನನ್ನ ಕೈಗೆ ಬಂದ ಮೇಲೆ ಒಮ್ಮೆಯೂ ಇಲ್ಲ. ಕಮ್ಮಿಯಾದಾಗ ಮೇಲಿಂದ ಹೊಯ್ದಿದ್ದೆ, ಅಷ್ಟೆ. ತಪ್ಪು ಪೂರ್ತಿ ನನ್ನದು.

ಆದದ್ದು ಏನೆಂದರೆ, ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರುತ್ತದೆ. ಬೆಲ್ಲದ ಡಬ್ಬಿಯ ಮುಚ್ಚಳ ತೆಗೆದಿಟ್ಟರೆ ಮಳೆಗಾಲದಲ್ಲಿ ಬೆಲ್ಲ ನೀರೊಡೆಯುತ್ತದಲ್ಲ, ಅದರ ಗುಣವೇ ಇದಕ್ಕೂ. ಮುಚ್ಚಿದ್ದರೂ ರಬ್ಬರ್ ಹೋಸಿನ ಮೂಲಕ, ಮುಚ್ಚಳದ ಸಂದಿನ ಮೂಲಕ ವರ್ಷವರ್ಷ ಒಂದಿಷ್ಟು ನೀರು ಒಳಗೆ ಸೇರುತ್ತದೆ. ಡಾಟ್ 3 ಎಂಬ ದರ್ಜೆಯ ಹೊಸ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಅದರಲ್ಲಿ ನೂರಕ್ಕೆ 3.7ರಷ್ಟು ನೀರು ಸೇರಿತೆಂದರೆ ಡಾಟ್ 3ರ ಮಿತಿ 140ಕ್ಕೆ ಇಳಿಯುತ್ತದೆ, ಡಾಟ್ 4ರದ್ದು 155ಕ್ಕೆ. ಘಾಟಿಯಲ್ಲಿ ಅಷ್ಟು ಬಿಸಿ ಹುಟ್ಟುವುದು ದೊಡ್ಡ ಮಾತಲ್ಲ. ಆಯಿಲ್ ಕುದಿದರೆ ಆವಿಯ ಗುಳ್ಳೆ ಏಳುತ್ತದೆ. ದ್ರವ ಕುಗ್ಗುವುದಿಲ್ಲ ಅಂದೆನಲ್ಲ? ಆವಿ ಕುಗ್ಗುತ್ತದೆ. ನಿನ್ನ ಕಾಲಿನ ಬಲವೆಲ್ಲ ಗುಳ್ಳೆ ಒತ್ತುವುದರಲ್ಲೇ ಮುಗಿಯುತ್ತದೆ, ಚಕ್ರಕ್ಕೆ ಏನೂ ತಲುಪುವುದಿಲ್ಲ. ತಣಿದ ಮೇಲೆ ಆವಿ ಮತ್ತೆ ದ್ರವವಾಗುತ್ತದೆ, ಪೆಡಲ್ ಗಟ್ಟಿಯಾಗುತ್ತದೆ, ಗ್ಯಾರೇಜಿಗೆ ಒಯ್ದರೆ "ಸರಿ ಇದೆಯಲ್ಲ" ಅನ್ನುತ್ತಾರೆ.

ಅದಕ್ಕೇ ಹೇಳುತ್ತೇನೆ, ಪ್ಯಾಡ್ ಸವೆಯಲಿ ಬಿಡಲಿ, ಕಾರು ಓಡಲಿ ನಿಲ್ಲಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಪೂರ್ತಿ ಬದಲಾಯಿಸು. ನಿನ್ನ ಕಾರಿನ ಮಾಲೀಕರ ಪುಸ್ತಕದಲ್ಲಿ ಅದಕ್ಕಿಂತ ಕಡಿಮೆ ಅವಧಿ ಬರೆದಿದ್ದರೆ ಅದೇ ಸರಿ. ಯಾವ ದರ್ಜೆ ಎಂದು ಆಯಿಲ್ ಡಬ್ಬಿಯ ಮುಚ್ಚಳದ ಮೇಲೇ ಅಚ್ಚಾಗಿರುತ್ತದೆ. ಡಾಟ್ 5 ಎಂಬುದು ಸಿಲಿಕೋನಿನದ್ದು, ಹೆಸರು ಹತ್ತಿರವಿದೆ ಅಂತ ಅದನ್ನು ಇದರ ಜತೆ ಬೆರೆಸಬಾರದು. ಇಂಜಿನ್ ಆಯಿಲ್ ಒಂದು ಹನಿಯೂ ಅದರೊಳಗೆ ಬೀಳಬಾರದು, ಸಿಲಿಂಡರುಗಳೊಳಗಿನ ರಬ್ಬರ್ ಕಪ್‌ಗಳೆಲ್ಲ ಉಬ್ಬಿ ಹಾಳಾಗುತ್ತವೆ. ಒಮ್ಮೆ ಸೀಲು ಒಡೆದು ಅರ್ಧ ಬಳಸಿಟ್ಟ ಬಾಟಲಿಯ ಆಯಿಲ್ ಹಾಕಿಸಿಕೊಳ್ಳಬೇಡ, ನಿನ್ನ ಕಣ್ಣೆದುರಿಗೇ ಸೀಲು ಒಡೆಯಲಿ. ಕಾರಿನ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ನೀರಲ್ಲಿ ತೊಳೆ, ಇಲ್ಲದಿದ್ದರೆ ಬಣ್ಣ ಎದ್ದು ಬರುತ್ತದೆ.

ಆಯಿಲ್ ಮಟ್ಟ ಕೆಳಗಿಳಿದಿದ್ದರೆ ಮೇಲಿಂದ ಹೊಯ್ದು ಸುಮ್ಮನಾಗುವುದು ನಮ್ಮವರ ಹಳೆಯ ಚಾಳಿ. ಮಟ್ಟ ಇಳಿಯಲು ಎರಡೇ ಕಾರಣ. ಪ್ಯಾಡ್ ಸವೆದು ಪಿಸ್ಟನ್ ಮುಂದೆ ಬಂದಿದೆ, ಆ ಜಾಗಕ್ಕೆ ಆಯಿಲ್ ಹೋಗಿದೆ. ಇಲ್ಲವೇ ಎಲ್ಲೋ ಸೋರುತ್ತಿದೆ. ಎರಡರಲ್ಲಿ ಯಾವುದೆಂದು ನೋಡದೆ ಹೊಯ್ಯಬೇಡ. ಟೈರಿನ ಒಳಮೈ ಒದ್ದೆಯಾಗಿ ಜಿಡ್ಡಾಗಿದ್ದರೆ ವೀಲ್ ಸಿಲಿಂಡರ್ ಸೋರುತ್ತಿದೆ ಎಂದೇ ಲೆಕ್ಕ, ಆ ಕಾರನ್ನು ಅಲ್ಲಿಂದ ಓಡಿಸಬೇಡ.

ಪ್ಯಾಡಿನ ವಿಷಯ ಸುಲಭ. ಹೊಸದು ಸಾಮಾನ್ಯವಾಗಿ 10 ಮಿಲಿಮೀಟರಿನ ಆಸುಪಾಸು ಇರುತ್ತದೆ. 3 ಮಿಲಿಮೀಟರಿಗೆ ಬಂದಾಗ ಬದಲಾಯಿಸು. ಒಂದು ರೂಪಾಯಿಯ ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಕೆಲವು ಪ್ಯಾಡಿಗೆ ಒಂದು ಕಬ್ಬಿಣದ ನಾಲಿಗೆ ಇರುತ್ತದೆ, ಪ್ಯಾಡ್ ಸವೆದಾಗ ಅದು ತಟ್ಟೆಗೆ ತಾಗಿ ಕಿಂಯ್ ಎಂದು ಕೂಗುತ್ತದೆ. ಆ ಕೂಗಿಗೆ ರೇಡಿಯೊ ಜೋರು ಮಾಡಿಕೊಂಡು ತಿಂಗಳು ಕಳೆಯುವವರಿದ್ದಾರೆ. ಆಮೇಲೆ ಕರಕರ ಎಂಬ ಸದ್ದು ಬಂದರೆ ಕಬ್ಬಿಣ ಕಬ್ಬಿಣವನ್ನು ತಿನ್ನುತ್ತಿದೆ ಎಂದರ್ಥ. ಪ್ಯಾಡಿನ ದುಡ್ಡಲ್ಲಿ ಮುಗಿಯುವುದು ತಟ್ಟೆಯ ದುಡ್ಡಿಗೆ ಹೋಗುತ್ತದೆ. ಬದಲಾಯಿಸುವಾಗ ಎಡಬಲ ಎರಡೂ ಚಕ್ರದ್ದು ಒಟ್ಟಿಗೆ ಬದಲಾಗಬೇಕು, ಇಲ್ಲದಿದ್ದರೆ ಕಾರು ಒಂದು ಕಡೆಗೆ ಎಳೆಯುತ್ತದೆ. ತಟ್ಟೆಗೂ ಕನಿಷ್ಠ ದಪ್ಪ ಇದೆ, ಅದರ ಮೇಲೇ ಅಂಕೆ ಇರುತ್ತದೆ. ತೆಳುವಾದ ತಟ್ಟೆ ಬಿಸಿ ಹೊರಲಾರದು. ಲೇತಿಗೆ ಕೊಟ್ಟು ನಯ ಮಾಡಿಸುತ್ತೇನೆ ಎಂದು ಯಾರಾದರೂ ಹೇಳಿದರೆ, ಮಾಡಿಸಿದ ಮೇಲೂ ಆ ಅಂಕೆಗಿಂತ ಮೇಲೆ ಉಳಿಯುತ್ತದಾ ಎಂದು ಕೇಳು. ಬ್ರೇಕ್ ಒತ್ತಿದಾಗ ಪೆಡಲ್ಲೂ ಸ್ಟೇರಿಂಗೂ ಅದುರಿದರೆ ತಟ್ಟೆಯ ದಪ್ಪ ಎಲ್ಲೆಡೆ ಒಂದೇ ಸಮ ಇಲ್ಲ.

ಹೊಸ ಪ್ಯಾಡ್ ಹಾಕಿಸಿದ ದಿನವೇ ಘಾಟಿಗೆ ಹೋಗಬೇಡ. ತಟ್ಟೆಗೂ ಪ್ಯಾಡಿಗೂ ಹೊಂದಿಕೆಯಾಗಲು ಮುನ್ನೂರು ಕಿಲೋಮೀಟರಾದರೂ ಹಗುರವಾಗಿ ಬಳಸಬೇಕು. ಬರುವ ಮುಂಚಿನ ದಿನ ಸರ್ವಿಸ್ ಮಾಡಿಸಿಕೊಂಡು ಬರುತ್ತೇನೆ ಅಂದೆಯಲ್ಲ, ಅದನ್ನು ಎರಡು ವಾರ ಹಿಂದಕ್ಕೆ ಹಾಕಿಕೊ.

ನಮ್ಮ ಮಲೆನಾಡಿನ ಕೆಸರಿಗೆ ಕ್ಯಾಲಿಪರಿನ ಪಿನ್ನುಗಳೇ ಮೊದಲ ಬಲಿ. ಇಕ್ಕಳ ಅತ್ತಿತ್ತ ಸರಿದಾಡಬೇಕಾದರೆ ಆ ಎರಡು ಪಿನ್ನು ನಯವಾಗಿ ಜಾರಬೇಕು. ರಬ್ಬರ್ ಬೂಟು ಹರಿದು ನೀರು ಹೊಕ್ಕರೆ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಆಗ ಕಾಲು ತೆಗೆದರೂ ಪ್ಯಾಡ್ ತಟ್ಟೆಗೆ ಉಜ್ಜುತ್ತಲೇ ಇರುತ್ತದೆ, ನೀನು ಬ್ರೇಕ್ ಒತ್ತದೆಯೂ ಬಿಸಿ ಹುಟ್ಟುತ್ತಲೇ ಇರುತ್ತದೆ. ಕಂಡುಹಿಡಿಯುವುದು ಸುಲಭ. ಹೆಚ್ಚು ಬ್ರೇಕ್ ಬಳಸದೆ ಹತ್ತು ಕಿಲೋಮೀಟರ್ ಓಡಿಸಿ ನಿಲ್ಲಿಸು. ನಾಲ್ಕೂ ಚಕ್ರದ ಹತ್ತಿರ ಅಂಗೈ ಒಡ್ಡು, ಮುಟ್ಟಬೇಡ, ದೋಸೆ ಹೆಂಚು ಕಾದಿದೆಯಾ ಎಂದು ನೋಡುವ ಹಾಗೆ. ಒಂದು ಚಕ್ರ ಮಾತ್ರ ಕೆಂಡದ ಹಾಗಿದ್ದರೆ ಅಲ್ಲೇ ದೋಷ. ಒಂದೊಂದು ಸಲ ಪಿನ್ನು ಸರಿಯಿದ್ದೂ ಹೀಗಾಗುತ್ತದೆ. ಹಳೆಯ ರಬ್ಬರ್ ಹೋಸು ಒಳಗೊಳಗೇ ಊದಿ, ಆಯಿಲನ್ನು ಹೋಗಲು ಬಿಟ್ಟು ಬರಲು ಬಿಡುವುದಿಲ್ಲ. ಹೊರಗಿಂದ ನೋಡಿದರೆ ಚೆನ್ನಾಗಿಯೇ ಕಾಣುತ್ತದೆ. ಇದನ್ನು ಅರಿಯದೆ ಕ್ಯಾಲಿಪರ್ ಮೇಲೆ ಕ್ಯಾಲಿಪರ್ ಬದಲಾಯಿಸಿ ದುಡ್ಡು ಕಳೆದುಕೊಂಡವರನ್ನು ಕಂಡಿದ್ದೇನೆ. ಪಿನ್ನಿಗೆ ಹಚ್ಚುವ ಗ್ರೀಸೂ ಬೇರೆ, ಬ್ರೇಕಿಗೆಂದೇ ಮಾಡಿದ್ದು. ಚಕ್ರದ ಬೇರಿಂಗಿನ ಗ್ರೀಸು ಹಚ್ಚಿದರೆ ರಬ್ಬರು ಉಬ್ಬುತ್ತದೆ.

ಡ್ರಮ್ಮನ್ನು ಯಾರೂ ಬಿಚ್ಚುವುದೇ ಇಲ್ಲ. "ಹಿಂದಿನದು ಸವೆಯಲ್ಲ ಬಿಡಿ" ಅನ್ನುತ್ತಾರೆ. ನಿಧಾನ ಸವೆಯುತ್ತದೆ ನಿಜ, ಆದರೆ ಮುಚ್ಚಿದ ಡಬ್ಬಿಯೊಳಗೆ ಸವೆದ ಪುಡಿ ತುಂಬುತ್ತದೆ, ಸ್ಪ್ರಿಂಗು ಸಡಿಲುತ್ತದೆ, ಶೂ ಸವೆದಷ್ಟು ತಾನೇ ಹೊರಕ್ಕೆ ಸರಿಸಬೇಕಾದ ಅಡ್ಜಸ್ಟರು ತುಕ್ಕಿಗೆ ಸಿಕ್ಕಿ ನಿಂತುಬಿಡುತ್ತದೆ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಡ್ರಮ್ ತೆಗೆಸು. ವೀಲ್ ಸಿಲಿಂಡರಿನ ರಬ್ಬರ್ ಅಂಚನ್ನು ಮೆಲ್ಲಗೆ ಮಡಿಸಿ ನೋಡಲು ಹೇಳು, ಒಳಗೆ ಆಯಿಲ್ ಒಸರಿದ್ದರೆ ಬದಲಾಯಿಸಲೇಬೇಕು. ಲೈನರಿಗೆ ಆಯಿಲ್ ತಾಗಿದ್ದರೆ ಮರಳು ಕಾಗದದಲ್ಲಿ ಉಜ್ಜಿ ಮತ್ತೆ ಹಾಕಲು ಬಿಡಬೇಡ, ಕುಡಿದ ಜಿಡ್ಡು ಬಿಸಿಗೆ ಮತ್ತೆ ಹೊರಗೆ ಬರುತ್ತದೆ. ಹ್ಯಾಂಡ್ ಬ್ರೇಕ್ ಏಳೆಂಟು ಹಲ್ಲಿಗಿಂತ ಮೇಲೆ ಬರುತ್ತಿದ್ದರೆ ಕೇಬಲ್ ಬಿಗಿ ಮಾಡಿ ಕಳಿಸುವ ಕೆಲಸದವರಿದ್ದಾರೆ. ಮೊದಲು ಶೂ ಅಡ್ಜಸ್ಟ್ ಮಾಡಬೇಕು, ಕೇಬಲ್ ಆಮೇಲೆ.

ಡ್ರಮ್ಮಿನ ಆ ಪುಡಿಯ ಬಗ್ಗೆ ಒಂದು ಮಾತು. ಏರ್ ಪೈಪ್ ಹಿಡಿದು ಊದಿ ತೆಗೆಯುತ್ತಾರೆ, ನೀನು ಪಕ್ಕದಲ್ಲಿ ನಿಲ್ಲಬೇಡ, ಕೆಲಸದ ಹುಡುಗನಿಗೂ ಒದ್ದೆ ಬಟ್ಟೆಯಲ್ಲಿ ಒರೆಸು ಅಂತ ಹೇಳು. ಹಿಂದಿನ ಕಾಲದ ಲೈನರುಗಳಲ್ಲಿ ಕಲ್ನಾರು ಇರುತ್ತಿತ್ತು, ಅದರ ಎಳೆ ಶ್ವಾಸಕೋಶಕ್ಕೆ ಹೋದರೆ ಹೊರಗೆ ಬರುವುದಿಲ್ಲ. ನಾವು ವರ್ಷಗಟ್ಟಲೆ ಬಾಯಲ್ಲೇ ಊದಿ ಕೆಲಸ ಮಾಡಿದೆವು, ಹೇಳುವವರಿರಲಿಲ್ಲ. ನನ್ನ ಕೈಕೆಳಗೆ ಕೆಲಸ ಕಲಿತ ಹುಡುಗರನ್ನು ನೆನೆದರೆ ಇದು ನನ್ನನ್ನು ಈಗಲೂ ಕೊರೆಯುತ್ತದೆ.

ನಿನ್ನ ಕೈಯಲ್ಲೇ ಆಗುವ ಎರಡು ಪರೀಕ್ಷೆ ಹೇಳುತ್ತೇನೆ, ಪಾನಾ ಬೇಡ, ಜಾಕಿ ಬೇಡ. ಇಂಜಿನ್ ಆಫ್ ಇರುವಾಗ ಬ್ರೇಕನ್ನು ನಾಲ್ಕೈದು ಸಲ ತುಳಿ, ಪೆಡಲ್ ಕಲ್ಲಿನ ಹಾಗಾಗುತ್ತದೆ. ಹಾಗೆಯೇ ಒತ್ತಿ ಹಿಡಿದು ಇಂಜಿನ್ ಸ್ಟಾರ್ಟ್ ಮಾಡು. ಪೆಡಲ್ ತುಸು ಕೆಳಗೆ ಇಳಿದರೆ ಬೂಸ್ಟರ್ ಸರಿಯಿದೆ. ನಿನ್ನ ಕಾಲಿನ ಬಲಕ್ಕೆ ಬಲ ಕೂಡಿಸುವುದು ಆ ಬೂಸ್ಟರ್, ಇಂಜಿನ್ ನಿಂತರೆ ಎರಡು ಮೂರು ತುಳಿತಕ್ಕೆ ಅದರ ಶಕ್ತಿ ಮುಗಿಯುತ್ತದೆ. ಇಳಿಜಾರಿನಲ್ಲಿ ಇಂಜಿನ್ ಆಫ್ ಮಾಡುವುದು ಎಂಥ ಹುಚ್ಚು ಎಂದು ಇದರಿಂದಲೇ ತಿಳಿದುಕೊ. ಎರಡನೆಯದು, ಇಂಜಿನ್ ಓಡುತ್ತಿರುವಾಗ ಪೆಡಲನ್ನು ಒಂದೇ ಹದದಲ್ಲಿ ಅರ್ಧ ನಿಮಿಷ ಒತ್ತಿ ಹಿಡಿ. ಅದು ಮೆಲ್ಲಮೆಲ್ಲನೆ ಕೆಳಗೆ ಜಾರಿದರೆ ಮಾಸ್ಟರ್ ಸಿಲಿಂಡರಿನ ರಬ್ಬರ್ ಕಪ್ ಸವೆದಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಸ್ಪಂಜಿನ ಹಾಗೆ ಮೆತ್ತಗಿದ್ದು, ಎರಡು ಸಲ ತುಳಿದಾಗ ಗಟ್ಟಿಯಾದರೆ ಪೈಪಿನೊಳಗೆ ಗಾಳಿ ಸೇರಿದೆ, ಏರ್ ತೆಗೆಸಬೇಕು.

ಮಾಸ್ಟರ್ ಸಿಲಿಂಡರಿನೊಳಗೆ ಎರಡು ಕೋಣೆ ಇರುತ್ತವೆ. ಸಾಮಾನ್ಯವಾಗಿ ಒಂದು ಕೋಣೆ ಮುಂದಿನ ಎಡ, ಹಿಂದಿನ ಬಲ ಚಕ್ರಕ್ಕೆ, ಇನ್ನೊಂದು ಉಳಿದೆರಡಕ್ಕೆ. ಒಂದು ಪೈಪ್ ಒಡೆದರೂ ಅರ್ಧ ಬ್ರೇಕು ಉಳಿಯುತ್ತದೆ. ಪೆಡಲ್ ಆಳಕ್ಕೆ ಹೋಗುತ್ತದೆ, ನಿಲ್ಲಲು ದೂರ ಬೇಕಾಗುತ್ತದೆ, ಆದರೂ ನಿಲ್ಲುತ್ತದೆ. ಆ ಹೊತ್ತಿಗೆ ಕಾಲು ತೆಗೆಯಬೇಡ, ಇನ್ನೂ ಬಲವಾಗಿ ತುಳಿ. ಎಬಿಎಸ್ ನಮ್ಮಲ್ಲಿ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾದದ್ದು 2019ರಲ್ಲಿ, ನಿನ್ನದು ಅದಕ್ಕಿಂತ ಹಳೆಯದು. ಕೀಲಿ ತಿರುಗಿಸಿದಾಗ ಎಬಿಎಸ್ ಎಂಬ ದೀಪ ಹತ್ತಿ ಆರುತ್ತದಾ ನೋಡು. ಇದ್ದರೆ, ಜೋರಾಗಿ ತುಳಿದಾಗ ಪೆಡಲ್ ಕಾಲಡಿಯಲ್ಲಿ ಗಡಗಡ ನಡುಗುತ್ತದೆ. ಹೆದರಿ ಕಾಲು ಸಡಿಲಿಸಬೇಡ, ಅದು ತನ್ನ ಕೆಲಸ ಮಾಡುತ್ತಿದೆ.

ಇನ್ನು ಇಳಿಯುವ ಬಗೆ. ಯಾವ ಗೇರಿನಲ್ಲಿ ಹತ್ತುತ್ತೀಯೋ ಅದೇ ಗೇರಿನಲ್ಲಿ ಇಳಿ, ಎರಡನೆಯದು, ತಿರುವು ತೀರ ಕಡಿದಾದರೆ ಒಂದನೆಯದು. ಆಗ ಇಂಜಿನ್ನೇ ಕಾರನ್ನು ಹಿಡಿದುಕೊಳ್ಳುತ್ತದೆ, ಬ್ರೇಕಿನ ಪಾಲಿನ ಬಿಸಿಯಲ್ಲಿ ದೊಡ್ಡ ಭಾಗವನ್ನು ಅದು ಹೊರುತ್ತದೆ. ನ್ಯೂಟ್ರಲ್ಲಿನಲ್ಲಿ ಪೆಟ್ರೋಲ್ ಉಳಿಯುತ್ತದೆ ಎಂಬುದೂ ಈಗ ಸುಳ್ಳು. ಈಗಿನ ಕಾರುಗಳು ಗೇರಿನಲ್ಲಿದ್ದು ಆಕ್ಸಿಲರೇಟರ್ ಬಿಟ್ಟಾಗ ಪೆಟ್ರೋಲನ್ನೇ ನಿಲ್ಲಿಸಿಬಿಡುತ್ತವೆ, ನ್ಯೂಟ್ರಲ್ಲಿನಲ್ಲಿ ಇಂಜಿನ್ ಉಸಿರಾಡಲು ಅದಕ್ಕೆ ಪೆಟ್ರೋಲ್ ಬೇಕು. ಕಾಲನ್ನು ಪೆಡಲ್ ಮೇಲೆ ಹಗುರವಾಗಿ ಇಟ್ಟುಕೊಂಡೇ ಇಳಿಯಬೇಡ. ತಿರುವಿಗೆ ಮುಂಚೆ ಒಮ್ಮೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡು. ಬಿಟ್ಟಷ್ಟು ಹೊತ್ತು ತಟ್ಟೆ ಗಾಳಿ ಕುಡಿಯುತ್ತದೆ. ಹಿಂದಿನವರು ಹಾರ್ನ್ ಹಾಕಿದರೆ ಹಾಕಲಿ, ಜಾಗ ಸಿಕ್ಕಲ್ಲಿ ಬಿಟ್ಟುಕೊಡು.

ಸುಟ್ಟ ವಾಸನೆ ಬಂದರೆ ಅಗಲವಾದ ಜಾಗ ನೋಡಿ ನಿಲ್ಲಿಸಿ ಅರ್ಧ ಗಂಟೆ ಕಾಯಿ. ನೀರು ಹೊಯ್ಯಬೇಡ, ಕಾದ ತಟ್ಟೆ ಬಿರುಕು ಬಿಡುತ್ತದೆ. ಹ್ಯಾಂಡ್ ಬ್ರೇಕನ್ನೂ ಎಳೆಯಬೇಡ, ಕಾದ ಡ್ರಮ್ ತಣಿಯುತ್ತ ಕುಗ್ಗಿ ಶೂಗಳನ್ನು ಕಚ್ಚಿಕೊಳ್ಳುತ್ತದೆ. ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡು. ಘಾಟಿ ಇಳಿದು ಸೋಮೇಶ್ವರ ತಲುಪಿದೊಡನೆ ಎಲ್ಲರೂ ಚಹಾಕ್ಕೆ ನಿಲ್ಲಿಸುತ್ತಾರೆ. ನೀನು ಇನ್ನೆರಡು ಕಿಲೋಮೀಟರ್ ಸಮತಟ್ಟಿನಲ್ಲಿ ಬ್ರೇಕ್ ಮುಟ್ಟದೆ ಹೋಗಿ ಆಮೇಲೆ ನಿಲ್ಲಿಸು. ಓಡುವಾಗ ಗಾಳಿಗೆ ಹೋಗುತ್ತಿದ್ದ ಬಿಸಿ, ನಿಂತಾಗ ತಟ್ಟೆಯಿಂದ ಕ್ಯಾಲಿಪರಿಗೆ, ಅಲ್ಲಿಂದ ಆಯಿಲಿಗೆ ಹತ್ತುತ್ತದೆ. ಇಳಿಯುವಾಗ ಸರಿಯಿದ್ದ ಪೆಡಲ್ ಚಹಾ ಕುಡಿದು ಬರುವಷ್ಟರಲ್ಲಿ ಮೆತ್ತಗಾಗುವುದು ಹೀಗೆ.

ಮಳೆ ಇನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ನೀರು ದಾಟಿದ ಮೇಲೆ ಎರಡು ಮೂರು ಸಲ ಹಗುರವಾಗಿ ಬ್ರೇಕ್ ಒತ್ತುತ್ತ ಸ್ವಲ್ಪ ದೂರ ಓಡಿಸಿ ಒಣಗಿಸಿಕೊ. ಬೆಳಿಗ್ಗೆ ತಟ್ಟೆಯ ಮೇಲೆ ಕೆಂಪು ತುಕ್ಕು ಕಂಡರೆ ಗಾಬರಿ ಬೇಡ, ನಾಲ್ಕು ಸಲ ಒತ್ತಿದರೆ ಹೋಗುತ್ತದೆ. ನಮ್ಮ ಅಂಗಳದಲ್ಲಿ ರಾತ್ರಿ ನಿಲ್ಲಿಸುವಾಗ ಹ್ಯಾಂಡ್ ಬ್ರೇಕ್ ಹಾಕಬೇಡ, ಒದ್ದೆ ಶೂ ಡ್ರಮ್ಮಿಗೆ ಅಂಟಿಕೊಂಡರೆ ಬೆಳಿಗ್ಗೆ ಕಾರು ಅಲುಗುವುದಿಲ್ಲ. ಸಮತಟ್ಟಾಗಿದೆ, ಗೇರಿನಲ್ಲಿಟ್ಟರೆ ಸಾಕು.

ಬರುವಾಗ ಆಯಿಲ್ ಡಬ್ಬಿಯ ಮುಚ್ಚಳದ ಮೇಲಿನ ದರ್ಜೆ ನೋಡಿ, ಅದೇ ದರ್ಜೆಯ ಬ್ರೇಕ್ ಆಯಿಲಿನ ಒಂದು ಲೀಟರ್ ಬಾಟಲಿ ತಾ, ಸೀಲು ಒಡೆಯದ್ದು. ಹಬ್ಬದ ಮರುದಿನ ಬೆಳಿಗ್ಗೆ ಕೊಟ್ಟಿಗೆಯ ಪಕ್ಕದಲ್ಲಿ ನಾಲ್ಕೂ ಚಕ್ರ ಬಿಚ್ಚುತ್ತೇನೆ. ನನಗೆ ಈಗ ಮೊಣಕಾಲು ಮಡಿಸಿ ಕೂರಲು ಕಷ್ಟ, ಆದರೆ ಕೈ ಇನ್ನೂ ನಡುಗುವುದಿಲ್ಲ. ನೀನು ಒಳಗೆ ಕೂತುಕೊ. "ತುಳಿ" ಅಂದಾಗ ತುಳಿ, "ಹಿಡಿ" ಅಂದಾಗ ಹಾಗೇ ಹಿಡಿದುಕೊ, ನಾನು ಚಕ್ರದ ಹತ್ತಿರ ಆಯಿಲ್ ಬಿಡುವ ನಿಪ್ಪಲ್ ತಿರುಗಿಸಿ ಮತ್ತೆ ಬಿಗಿಮಾಡಿ "ಬಿಡು" ಅನ್ನುವವರೆಗೂ ಕಾಲು ಎತ್ತಬೇಡ. ಪೈಪಿನ ತುದಿಯಲ್ಲಿ ಕಪ್ಪು ಆಯಿಲ್ ಹೋಗಿ ತಿಳಿ ಆಯಿಲ್ ಬರುವವರೆಗೆ ಮಾಡೋಣ. ಆಮೇಲೆ ತಿಂಡಿ ತಿಂದು ನೀವು ಹೊರಡಿ.

ನಿನ್ನ,
ದೊಡ್ಡಪ್ಪ